ಅರ್ಧ ಕಾಗದದ ಇಂಗುಗುಂಡಿ

ನಮ್ಮ ದೊಡ್ಡಮ್ಮನ ಕೊರಳಲ್ಲಾಗಲಿ ಕೈಯಲ್ಲಾಗಲಿ ಅಳತೆ ಟೇಪು ಇಲ್ಲದ್ದನ್ನು ನಾನು ನೋಡಿದ್ದು ಒಂದೇ ಒಂದು ದಿನ. ಆ ದಿನದ ಕಥೆ ಹೇಳುವುದಕ್ಕೆ ನನಗೆ ಎಷ್ಟು ಅವಸರ ಎಂದರೆ, ನೇರವಾಗಿ ಅಲ್ಲಿಗೇ ಹಾರಿಬಿಡೋಣ ಅನ್ನಿಸುತ್ತಿದೆ. ಹಾಗೆ ಮಾಡಿದರೆ "ಬುಡ ಬಿಟ್ಟು ತುದಿ ಹಿಡಿದಳು ನೋಡು" ಎಂದು ದೊಡ್ಡಮ್ಮನೇ ಬೈಯುತ್ತಾಳೆ. ಆದ್ದರಿಂದ ಬುಡದಿಂದಲೇ ಹೇಳುತ್ತೇನೆ.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಬೀದಿಯವರ ಬಾಯಲ್ಲಿ ಟೇಪಮ್ಮ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಯಾರದೋ ಮನೆಯ ಜಗಲಿಯಲ್ಲಿ, ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ನಿನ ಮುಂದೆ ಕೂತವಳು, ಮೂವತ್ತು ವರ್ಷ ತುಳಿದ ಮೇಲೆ ಈ ಇಳಿಜಾರು ಬೀದಿಯ ತಿರುವಿನಲ್ಲಿ ಸ್ವಂತ ಮನೆ ಮಾಡಿದಳು. ಹಿಂದಿನ ಎರಡು ಕೋಣೆಗಳಲ್ಲಿ ನಾವಿಬ್ಬರು, ಮುಂದಿನ ದೊಡ್ಡ ಕೋಣೆಯಲ್ಲಿ ನಾಲ್ಕು ಮಿಷನ್ನು. ಮನುಷ್ಯರನ್ನು ನೋಡಿದರೆ ಅವಳಿಗೆ ಮೊದಲು ಕಾಣುವುದು ಅಳತೆ. ಬಾಗಿಲಲ್ಲಿ ಯಾರಾದರೂ ನಿಂತರೆ ಸಾಕು, ಬಾಯಿ ತನ್ನಷ್ಟಕ್ಕೆ ತಾನೇ "ಮೂವತ್ತೆಂಟು, ಭುಜ ಹದಿನೇಳು" ಎಂದು ಗೊಣಗುತ್ತದೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಅಳತೆಗೆ ಸರಿಯಾದವನು ಸಿಗಲಿಲ್ಲ, ಆಲ್ಟರ್ ಮಾಡೋಕೆ ನನಗೆ ಟೈಮಿರಲಿಲ್ಲ."

ನನ್ನ ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳೂ ಅವಳೇ. ನಾನು ಎರಡನೇ ಮಿಷನ್ನಿನವಳು. ಮೂರನೆಯದರಲ್ಲಿ ಕಾಜಾ ಅಕ್ಕ. ಅಂಗಿಯ ಗುಂಡಿ ತೂರುವ ಕಾಜಾವನ್ನು ಅವಳಷ್ಟು ಚೆಂದ ಹೊಲಿಯುವವರು ನಮ್ಮೂರಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ನಾಲ್ಕನೆಯದರಲ್ಲಿ ಅವಳ ನಾದಿನಿ. ನಾಲ್ವರ ಹೊಟ್ಟೆಪಾಡೂ ಆ ಒಂದು ಕೋಣೆಯಿಂದಲೇ ನಡೆಯಬೇಕು.

ಮನೆ ಕೊಂಡಾಗ ಮುಂದೆ ಮಣ್ಣಿನ ಅಂಗಳವಿತ್ತು. ಬಿಳಿ ಬಟ್ಟೆಗೆ ಕೆಸರು ಹಾರುತ್ತದೆಂದು ದೊಡ್ಡಮ್ಮ ನಾಲ್ಕು ವರ್ಷದ ಹಿಂದೆ ಅದಕ್ಕೆ ಸಿಮೆಂಟು ಹಾಕಿಸಿದಳು. ಕಾಂಪೌಂಡಿನ ಮೂಲೆಯಲ್ಲಿ ಹೂಗಿಡಕ್ಕೆಂದು ಐದಡಿ ಮಣ್ಣು ಬಿಟ್ಟರೆ ಉಳಿದದ್ದೆಲ್ಲ ಸಿಮೆಂಟೇ. ಎಂಥ ನುಣುಪು ಅಂತೀರಿ! ಬಿದ್ದ ಸೂಜಿ ದೂರದಿಂದಲೇ ಕಾಣಿಸುತ್ತಿತ್ತು. ದಿನಾ ಬೆಳಿಗ್ಗೆ ತಾನೇ ಗುಡಿಸಿ, ಸೊಂಟಕ್ಕೆ ಕೈಕೊಟ್ಟು ನಿಂತು ನೋಡುತ್ತಿದ್ದಳು. ಅಷ್ಟು ಇಷ್ಟ ಅವಳಿಗೆ ಅದು.

ಆದರೆ ಮಳೆಗೆ ಅದು ಜಾರುಬಂಡೆಯಾಯಿತು. ತಾರಸಿಯ ನೀರು, ಅಂಗಳದ ನೀರು ಎರಡೂ ಸೇರಿ ಗೇಟಿನಡಿ ನುಗ್ಗಿ, ಬೀದಿಯಲ್ಲಿ ಇಳಿದು, ನೆಟ್ಟಗೆ ರಟ್ಟು ಮಾಮನ ಅಂಗಡಿಯ ಬಾಗಿಲು ತಟ್ಟುತ್ತಿತ್ತು. ತಿರುವಿನ ಮೇಲಿನ ಮನೆಗಳ ನೀರೆಲ್ಲ ಆಚೆ ಬದಿಯ ಚರಂಡಿ ಸೇರುತ್ತದೆ. ಈಚೆ ಬದಿಗೆ ಇಳಿಯುತ್ತಿದ್ದದ್ದು ನಮ್ಮ ಮನೆಯದೊಂದೇ.

ರಟ್ಟು ಮಾಮ ಪುಸ್ತಕಕ್ಕೆ ರಟ್ಟು ಹಾಕುವವರು, ಬೈಂಡರು. ಬೀದಿಯ ತಗ್ಗಿನಲ್ಲಿ, ರಸ್ತೆಗಿಂತ ಒಂದು ಮೆಟ್ಟಿಲು ಕೆಳಗೆ ಅವರ ಅಂಗಡಿ. ನೆಲದಿಂದ ಮೇಲಿನವರೆಗೆ ಕಾಗದದ ಕಟ್ಟುಗಳು. ನಾವು ಈ ಬೀದಿಗೆ ಬರುವ ಮೊದಲಿನಿಂದಲೂ ದೊಡ್ಡಮ್ಮ ಅವರನ್ನು "ಅಣ್ಣ" ಎನ್ನುತ್ತಿದ್ದಳು, ಅವರು ಇವಳನ್ನು "ತಂಗಿ" ಎನ್ನುತ್ತಿದ್ದರು. ಅವರ ಅಂಗಿ ಹೊಲಿಯುತ್ತಿದ್ದವಳು ಇವಳು, ಇವಳ ಅಳತೆ ಪುಸ್ತಕಕ್ಕೆ ವರ್ಷವರ್ಷ ರಟ್ಟು ಹಾಕಿಕೊಡುತ್ತಿದ್ದವರು ಅವರು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನದ ಮಳೆಗೆ ಅವರ ಒಂದು ಸಾಲು ರಿಜಿಸ್ಟರುಗಳು ನೆನೆದು ಉಬ್ಬಿಕೊಂಡವು. ಒಂದನ್ನು ಕೈಯಲ್ಲಿ ಹಿಡಿದು, ನೀರು ತೊಟ್ಟಿಕ್ಕಿಸುತ್ತಾ ನಮ್ಮ ಬಾಗಿಲಿಗೆ ಬಂದರು. ದೊಡ್ಡಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. "ನೀರು ಇಳಿಜಾರಿಗೆ ಹೋಗದೆ ಏರು ಹತ್ತುತ್ತಾ? ನಿಮ್ಮ ಹೊಸಿಲು ಎತ್ತರಿಸಿಕೊಳ್ಳಿ" ಎಂದುಬಿಟ್ಟಳು. ಆವತ್ತಿಗೆ ಅಣ್ಣ-ತಂಗಿ ಮಾತು ಬಿಟ್ಟರು.

ಅಳತೆ ಪುಸ್ತಕದ ಬೆನ್ನು ಕಿತ್ತುಬಂತು. ಬೇರೆ ಬೈಂಡರ ಹತ್ತಿರ ಕೊಡೋಣವೆಂದು ನಾನು ಹತ್ತು ಸಲ ಹೇಳಿದೆ. ಕೊಡಲಿಲ್ಲ. ಅದಕ್ಕೊಂದು ಎಲಾಸ್ಟಿಕ್ ಸುತ್ತಿ ಇಟ್ಟುಕೊಂಡಳು. ಹಠಕ್ಕೆ ಹಠ, ಹಾಳೆಗೆ ಎಲಾಸ್ಟಿಕ್.

ಈ ವರ್ಷ ಬೇಸಿಗೆಯ ಕೊನೆಗೆ ನಗರಸಭೆಯಿಂದ ಇಂಜಿನಿಯರ್ ಮೇಡಂ ಬಂದರು. ಚಿಕ್ಕ ವಯಸ್ಸು, ತಲೆಯಲ್ಲಿ ಹಳದಿ ಹೆಲ್ಮೆಟ್ಟು, ಕಂಕುಳಲ್ಲಿ ಫೈಲು. ಅಂಗಳವನ್ನು ಒಮ್ಮೆ ಈ ತುದಿಯಿಂದ ಆ ತುದಿಗೆ ನಡೆದು, ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ರಸ್ತೆಯನ್ನು ನೋಡಿದರು. ಆಮೇಲೆ ದೊಡ್ಡಮ್ಮನ ಕೈಗೆ ನೋಟೀಸು ಕೊಟ್ಟರು.

"ಹೊಸ ನಿಯಮ ಅಮ್ಮ. ನಿಮ್ಮ ಸೈಟಿನ ಮೇಲೆ ಬಿದ್ದ ಮಳೆ ನಿಮ್ಮ ಸೈಟಲ್ಲೇ ಇಂಗಬೇಕು. ಬೀದಿಗೆ ಬಿಡೋ ಹಾಗಿಲ್ಲ. ಮೂವತ್ತು ದಿನದೊಳಗೆ ಇಂಗುಗುಂಡಿ ಮಾಡಿಸಿ."

"ಮಾಡಿಸದಿದ್ರೆ?"

"ಈ ಕೋಣೆಯ ಲೈಸೆನ್ಸು ರಿನ್ಯೂ ಆಗೋದಿಲ್ಲ. ಹೊಲಿಗೆ ನಿಲ್ಲಿಸಬೇಕಾಗುತ್ತೆ."

ಒಳಗೆ ಮೂರು ಮಿಷನ್ನೂ ಒಟ್ಟಿಗೆ ನಿಂತವು. ನನ್ನ ಕಾಲು ತುಳಿಯುವುದನ್ನು ಮರೆತದ್ದು ಈಗಲೂ ನೆನಪಿದೆ. ದೊಡ್ಡಮ್ಮ ಬೀದಿಯ ಕೆಳಗಡೆ ನೋಡಿ, "ಯಾರು ಬರೆದುಕೊಟ್ಟಿದ್ದು ಅಂತ ನನಗೆ ಗೊತ್ತು" ಎಂದಳು.

"ಯಾರೂ ಬರೆಯದಿದ್ರೂ ನಿಯಮ ನಿಯಮವೇ" ಎಂದು ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. "ನಾನು ಕಾಗದ ನೋಡಿ ಸಹಿ ಮಾಡೋಳಲ್ಲ. ಗುರುವಾರಕ್ಕೆ ಸರಿಯಾಗಿ ಮೂವತ್ತು ದಿನ, ಅವತ್ತು ಬರ್ತೀನಿ. ಮಳೆ ಇದ್ರೆ ಮಳೆಯಲ್ಲೇ ನೋಡ್ತೀನಿ. ಇಲ್ಲದಿದ್ರೆ ಟ್ಯಾಂಕರ್ ತಂದು ನೀರು ಬಿಟ್ಟು ನೋಡ್ತೀನಿ. ಒಂದು ಹನಿ ಗೇಟು ದಾಟಬಾರದು."

ಎರಡು ದಿನ ದೊಡ್ಡಮ್ಮ ಉರಿದಳು. ಮೂರನೇ ದಿನ ಬೆಳಿಗ್ಗೆ ನಾನು ಎದ್ದು ನೋಡಿದರೆ ತಾರಸಿಯ ಮೇಲೆ ಮಂಡಿಯೂರಿ ಕೂತಿದ್ದಾಳೆ! ಒಂದು ಕೈಯಲ್ಲಿ ಕೊರಳ ಟೇಪು, ಇನ್ನೊಂದರಲ್ಲಿ ಸೀಮೆಸುಣ್ಣ. ಅರವತ್ತು ಇಂಚಿನ ಟೇಪಿನಲ್ಲಿ ಇಡೀ ತಾರಸಿ ಅಳೆಯುವ ಹುಚ್ಚು ಯಾರಿಗಾದರೂ ಹಿಡಿದೀತೇ? ಅವಳಿಗೆ ಹಿಡಿಯಿತು. ಅರವತ್ತು ಇಂಚಿಗೊಂದು ಗುರುತು, ಮತ್ತೆ ಅರವತ್ತು, ಮತ್ತೊಂದು. ನಾನು, ಕಾಜಾ ಅಕ್ಕ, ಅವಳ ನಾದಿನಿ ಮೂವರೂ ತುದಿ ಹಿಡಿಯಲು ಮೇಲೆ ಹತ್ತಿದೆವು. ಎದುರುಮನೆಯವರು ಕಿಟಕಿಯಲ್ಲಿ ನಿಂತು, "ಏನು, ಮನೆಗೆ ಅಂಗಿ ಹೊಲಿಸ್ತಿದ್ದೀರಾ?" ಎಂದು ಕೂಗಿದರು.

"ಹೌದು, ಮಳೆಗೆ ಮುಂಚೆ ಡೆಲಿವರಿ!" ಎಂದು ದೊಡ್ಡಮ್ಮ ತಿರುಗಿ ಕೂಗಿದಳು. ಸಿಟ್ಟು ಎಲ್ಲಿ ಹೋಯಿತೋ. ಅಳತೆ ಕೈಗೆ ಸಿಕ್ಕಿದ ಮೇಲೆ ಅವಳಿಗೆ ಇಡೀ ಲೋಕ ಹೊಲಿಯಬಹುದಾದ ಬಟ್ಟೆಯೇ. ನೋಟೀಸಿನಲ್ಲಿದ್ದ ಮೇಡಂ ಅಳತೆಗೂ ತನ್ನ ಅಳತೆಗೂ ಎರಡೇ ಇಂಚು ವ್ಯತ್ಯಾಸ ಬಂತೆಂದು, ಆ ಎರಡು ಇಂಚಿನ ತಪ್ಪು ಮೇಡಂದೇ ಎಂದು ಒಂದು ವಾರ ಸಂಭ್ರಮಿಸಿದಳು.

ಗುಂಡಿಯ ಅಳತೆಯನ್ನು ಮೇಡಂ ನೋಟೀಸಿನ ಹಿಂದೆ ಬರೆದುಕೊಟ್ಟಿದ್ದರು. ಹತ್ತಡಿ ಉದ್ದ, ನಾಲ್ಕಡಿ ಅಗಲ, ತಳದ ಜಲ್ಲಿಯ ಮೇಲಿಂದ ಐದಡಿ ಆಳ. ಐದಡಿ ಎಂದರೆ ಅರವತ್ತು ಇಂಚು, ಸರಿಯಾಗಿ ಒಂದು ಟೇಪು. ಅದನ್ನು ಕಂಡು ದೊಡ್ಡಮ್ಮನಿಗೆ ಆದ ಖುಷಿ ಹೇಳತೀರದು. "ನೋಡಿದ್ಯಾ, ನಗರಸಭೆಯವರೂ ನಮ್ಮ ಟೇಪಿನ ಅಳತೆಗೇ ಬಂದ್ರು!"

ಆ ಚೀಟಿಯನ್ನು ಮೇಸ್ತ್ರಿಗೆ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬೇರೆಯವರ ಕೈಯಲ್ಲಿ ಕೆಲಸ ಬಿಡುವಾಗ ದೊಡ್ಡಮ್ಮ ಚೀಟಿಯನ್ನು ನಂಬುವವಳಲ್ಲ. ಕಟಿಂಗ್ ಮೇಜಿನ ಮೇಲೆ ಕಂದು ಕಾಗದದ ದೊಡ್ಡ ಸುರುಳಿ ಹರಡಿ, ಅಂಗಿಗೆ ಪ್ಯಾಟರ್ನ್ ಬರೆಯುವ ಹಾಗೆಯೇ ಗುಂಡಿಗೂ ಪ್ಯಾಟರ್ನ್ ಬರೆದಳು. ಚಿಕ್ಕದಾಗಿ ಅಲ್ಲ, ನಿಜವಾದ ಅಳತೆಯಲ್ಲೇ. ಮೂಲೆಗಳನ್ನು ಕಂಕುಳ ಹತ್ತಿರ ತಿರುಗಿಸುವಂತೆ ನಯವಾಗಿ ದುಂಡಗೆ ಮಾಡಿದಳು. ಅಂಚಿಗೆ ಅರ್ಧ ಇಂಚು ಹೊಲಿಗೆಗೆ ಬಿಟ್ಟಳು. ಗುಂಡಿಗೆ ಎಂಥ ಹೊಲಿಗೆ ಎಂದು ನಾನು ನಕ್ಕರೆ, "ಬಿಟ್ಟಿದ್ದು ಎಂದೂ ಕೆಡಲ್ಲ, ಸುಮ್ನಿರು" ಎಂದು ಗದರಿದಳು. ಒಂದು ಅಂಚಿಗೆ ಚುಕ್ಕಿ ಚುಕ್ಕಿ ಗೆರೆ ಎಳೆದು, ಅದರ ನಡುವೆ ತಾರಸಿಯ ಪೈಪು ಬಂದು ಸೇರುವ ಜಾಗಕ್ಕೆ ಅರ್ಧಚಂದ್ರ ಬರೆದಳು. ನಾವು ನಾಲ್ವರೂ ನಿಂತು ನೋಡಿದೆವು. ನಾಲ್ವರಿಗೂ ಸರಿಯಾಗಿಯೇ ಕಂಡಿತು.

"ಇದನ್ನು ನೆಲದ ಮೇಲೆ ಇಟ್ಟು, ಸುತ್ತ ಗೆರೆ ಹಾಕಿ ಅಗೀರಿ, ಅಷ್ಟೇ. ತಪ್ಪೋಕೆ ಸಾಧ್ಯವೇ ಇಲ್ಲ" ಎಂದು ಗಾರೆ ಮೇಸ್ತ್ರಿಗೆ ಕೊಟ್ಟಳು. ಮೇಸ್ತ್ರಿ ಒಳ್ಳೆಯ ಕೆಲಸಗಾರ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ನಾವು ಒಳಗೆ ಶಾಲೆಯ ಯೂನಿಫಾರಂ ರಾಶಿಯಲ್ಲಿ ಮುಳುಗಿದ್ದೆವು. ಅವನು ಹೊರಗೆ ಅಗೆದ, ಸುತ್ತ ಕಲ್ಲು ಜೋಡಿಸಿದ, ತಳಕ್ಕೆ ಜಲ್ಲಿ ಹಾಕಿದ. ಗೇಟಿನುದ್ದಕ್ಕೂ ಅಡ್ಡ ಕಾಲುವೆ ತೆಗೆದು ಅಂಗಳದ ನೀರು ಗುಂಡಿಗೇ ಹೋಗುವಂತೆ ಮಾಡಿದ. "ಅಮ್ಮನ ಲೆಕ್ಕ ಅಂದ್ರೆ ಲೆಕ್ಕ! ಸಿಮೆಂಟು ಒಡೆಯೋದೇ ಬೇಡ, ಹೂಗಿಡದ ಜಾಗಕ್ಕೆ ಹೇಳಿ ಮಾಡಿಸಿದ ಹಾಗೆ ಕೂತುಬಿಡ್ತು" ಎಂದು ಹೊಗಳಿದ.

ದೊಡ್ಡಮ್ಮ ಇಳಿದು ಟೇಪು ಹಿಡಿದು ಅಳೆದಳು. ಆಳ ಅರವತ್ತು. ಅಗಲ ನಲವತ್ತೆಂಟು. ಉದ್ದ ಅರವತ್ತು. ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಇಲ್ಲ. ಮೇಲೆ ಹತ್ತಿಬಂದು ಸೆರಗಿಗೆ ಕೈ ಒರೆಸಿಕೊಂಡು, "ಗುರುವಾರ ಬರಲಿ ನಿಮ್ಮ ಮೇಡಂ" ಎಂದಳು.

ಮಂಗಳವಾರ ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಗೇಟಿನ ಹೊರಗೆ ರಟ್ಟು ಮಾಮ ನಿಂತಿದ್ದರು. ಮೇಸ್ತ್ರಿ ಕೆಲಸ ಮುಗಿಸಿ ಪ್ಯಾಟರ್ನ್ ಕಾಗದವನ್ನು ಗೇಟಿಗೆ ಸಿಕ್ಕಿಸಿ ಹೋಗಿದ್ದ. ಕಾಗದ ಕಂಡರೆ ಮಾಮನ ಕಾಲು ಮುಂದಕ್ಕೆ ಹೋಗುವುದಿಲ್ಲ. ಎರಡು ಬೆರಳಲ್ಲಿ ಅದರ ಅಂಚು ಹಿಡಿದು, ಕಾಗದ ನೋಡುತ್ತಾರೆ, ಗುಂಡಿ ನೋಡುತ್ತಾರೆ. ಅಂಗಿಯ ಕಾಲರು ಸವೆದು ನೂಲು ನೂಲಾಗಿತ್ತು. ದೊಡ್ಡಮ್ಮ ಹೊಲಿದುಕೊಟ್ಟ ಹಳೆಯ ನೀಲಿ ಅಂಗಿ. ಇವರೂ ಬೇರೆ ದರ್ಜಿಯ ಮೆಟ್ಟಿಲು ಹತ್ತಿಲ್ಲವೆಂದು ನನಗೆ ಆಗ ಗೊತ್ತಾಯಿತು.

"ನಿಮ್ಮ ದೊಡ್ಡಮ್ಮನಿಗೆ ಹೇಳು" ಎಂದರು. ದೊಡ್ಡಮ್ಮ ನನ್ನ ಹಿಂದೆಯೇ, ಮೂರಡಿ ದೂರದಲ್ಲಿ ನಿಂತಿದ್ದಳು. "ಇದು ಅರ್ಧ."

"ಏನು ಅರ್ಧ ಅಂತ ಕೇಳು ಅವರನ್ನ" ಎಂದಳು ದೊಡ್ಡಮ್ಮ.

"ಅರ್ಧ ಪೈಪು ಎಲ್ಲಾದ್ರೂ ಇರುತ್ತಾ ಅಂತ ಕೇಳು. ಇದು ಮಡಿಕೆ ಹಾಳೆ. ಈ ಚುಕ್ಕಿ ಗೆರೆ ಹಿಡ್ಕೊಂಡು ತಿರುವಿ ಹಾಕಿದ್ರೆ ಇನ್ನರ್ಧ ಆ ಕಡೆ ಬರಬೇಕು. ನಾನು ದಿನಾ ಹಾಳೆ ಮಡಿಸೋನು, ನನಗೆ ಗೊತ್ತಾಗಲ್ವಾ? ನಿಮ್ಮ ಮೇಸ್ತ್ರಿ ಅರ್ಧ ಮಾತ್ರ ಅಗೆದಿದ್ದಾನೆ."

ಅವರು ಹೇಳಿದ್ದು ನಿಜ. ನೋಡಿ, ನಮ್ಮ ಕಸುಬಿನಲ್ಲಿ ಇಡೀ ಬೆನ್ನು ಯಾರೂ ಬರೆಯುವುದಿಲ್ಲ. ಬಟ್ಟೆಯನ್ನು ಎರಡಾಗಿ ಮಡಿಸಿ, ಅರ್ಧ ಬರೆದ ಕಾಗದವನ್ನು ಮಡಿಕೆಗೆ ತಾಗಿಸಿ ಕತ್ತರಿಸಿದರೆ, ಬಿಚ್ಚಿದಾಗ ಇಡೀ ಬೆನ್ನು ಸಿಗುತ್ತದೆ. ಚುಕ್ಕಿ ಗೆರೆ ಎಂದರೆ ಮಡಿಕೆ. ಎದೆ ಹದಿನೆಂಟು ಎಂದು ಬರೆದದ್ದನ್ನು ನಮ್ಮ ತಲೆ ಮೂವತ್ತಾರು ಎಂದೇ ಓದುತ್ತದೆ. ದೊಡ್ಡಮ್ಮ ಗುಂಡಿಯಲ್ಲಿ ನಿಂತು ಉದ್ದ ಅರವತ್ತು ಎಂದು ಅಳೆದಾಗಲೂ ಅವಳ ತಲೆ ಅದನ್ನು ನೂರಿಪ್ಪತ್ತು ಎಂದೇ ಓದಿತ್ತು. ನಾಲ್ಕು ಜನ ಟೈಲರುಗಳು ನೋಡಿದ್ದೇವೆ, ನಾಲ್ವರ ಕಣ್ಣೂ ಇಲ್ಲದ ಅರ್ಧವನ್ನು ಸೇರಿಸಿಕೊಂಡೇ ನೋಡಿದೆ. ಮಣ್ಣನ್ನು ಮಡಿಸಲು ಬರುವುದಿಲ್ಲ ಎಂದು ಒಬ್ಬರಿಗಾದರೂ ಹೊಳೆಯಬೇಡವೇ!

ಮೇಸ್ತ್ರಿಯನ್ನು ಕರೆಸಿದೆವು. ಅವನು ತಲೆ ಕೆರೆದುಕೊಂಡ. "ಚುಕ್ಕಿ ಗೆರೆ ಅಂದ್ರೆ ಅಲ್ಲಿಗೆ ಮಣ್ಣು ಮುಗೀತು, ಸಿಮೆಂಟು ಶುರು ಅಂತ ತಿಳ್ಕೊಂಡೆ ಅಮ್ಮ. ಸರಿಯಾಗಿ ಅಲ್ಲೇ ಮುಗಿದಿತ್ತಲ್ಲ!" ಅವನನ್ನು ಬೈಯಲು ಹೊರಟ ದೊಡ್ಡಮ್ಮ ಬೈದುಕೊಂಡದ್ದು ತನ್ನನ್ನೇ. "ಮಾಡಿದ್ದುಣ್ಣೋ ಮಹಾರಾಯ" ಎಂದಳು.

ಇನ್ನರ್ಧ ಹೋಗಬೇಕಾದದ್ದು ಸಿಮೆಂಟಿನ ಕೆಳಗೆ. ಇರುವುದು ಎರಡು ದಿನ. ಮಂಗಳವಾರ, ಬುಧವಾರ. ಆಕಾಶದಲ್ಲಿ ಆಗಲೇ ಕಪ್ಪು ಮೋಡ ಕಟ್ಟುತ್ತಿತ್ತು.

ಮಾಮ ಇನ್ನೂ ಗೇಟಿನ ಹತ್ತಿರವೇ ಇದ್ದರು. ದೊಡ್ಡಮ್ಮ ಅವರ ಕಡೆ ನೋಡದೆ ನನಗೆ ಹೇಳಿದಳು, "ನಗರಸಭೆಗೆ ಬರೆದಿದ್ದು ಅವರೇನಾ ಅಂತ ಕೇಳು."

"ಹೌದು, ನಾನೇ ಬರೆದಿದ್ದು ಅಂತ ಹೇಳು" ಎಂದರು ಮಾಮ. ನಾನು ಇಬ್ಬರ ನಡುವೆ ಟೆಲಿಫೋನ್ ಆಗಿ ನಿಂತಿದ್ದೆ.

"ಹಾಗಿದ್ರೆ ಅರ್ಧ ಅಂತ ಯಾಕೆ ಹೇಳಿದ್ರು? ಸುಮ್ನೆ ಇದ್ದಿದ್ರೆ ನಮ್ಮ ಅಂಗಡಿ ಮುಚ್ಚುತ್ತಿತ್ತಲ್ಲ?"

ಮಾಮನಿಗೆ ನಿಜವಾಗಿ ಸಿಟ್ಟು ಬಂತು. "ಅಂಗಡಿ ಮುಚ್ಚಿದ್ರೆ ಮಳೆ ನಿಲ್ಲುತ್ತಾ? ತಾರಸಿ ಅಲ್ಲೇ ಇರುತ್ತೆ, ಅಂಗಳ ಅಲ್ಲೇ ಇರುತ್ತೆ, ನೀರು ನನ್ನ ಅಂಗಡಿಗೇ ಬರುತ್ತೆ. ನಾನು ನೀರಿನ ಮೇಲೆ ಬರೆದಿದ್ದು, ನಿಮ್ಮ ದೊಡ್ಡಮ್ಮನ ಮೇಲಲ್ಲ. ಅದನ್ನೂ ಹೇಳು!"

ಹೇಳುವ ಅಗತ್ಯ ಬೀಳಲಿಲ್ಲ. ದೊಡ್ಡಮ್ಮ ಮೇಸ್ತ್ರಿಯ ಕೈಯಿಂದ ದೊಡ್ಡ ಸುತ್ತಿಗೆ ಕಿತ್ತುಕೊಂಡು, ಕಾಗದವನ್ನು ಚುಕ್ಕಿ ಗೆರೆಯ ಮೇಲೆ ತಿರುವಿ ಅಂಗಳದ ಮೇಲೆ ಹಾಸಿ, ಸುತ್ತ ಸೀಮೆಸುಣ್ಣ ಎಳೆದಳು. ತನ್ನ ಕನ್ನಡಿಯಂಥ ಸಿಮೆಂಟನ್ನು ಒಂದು ಕ್ಷಣ ನೋಡಿದಳು. ಕಣ್ಣಲ್ಲಿ ನೀರು ಬಂತೆಂದು ನಾನು ಹೇಳಿದರೆ ಈಗಲೂ ಒಪ್ಪುವುದಿಲ್ಲ, ಆದರೆ ಬಂದಿತ್ತು. ಆಮೇಲೆ ಸುತ್ತಿಗೆ ಎತ್ತಿ ಬಾರಿಸಿದಳು ನೋಡಿ! ಮೊದಲ ಏಟಿಗೇ ಬಿರುಕು ಬಿಟ್ಟಿತು.

ಆ ಎರಡು ದಿನ ನಮ್ಮ ಅಂಗಳ ಅಂಗಳವಾಗಿರಲಿಲ್ಲ. ಮೇಸ್ತ್ರಿ ಹಾರೆ ಹಿಡಿದ. ನಾನು ಗುದ್ದಲಿ ಹಿಡಿದೆ. ಕಾಜಾ ಅಕ್ಕ ಮತ್ತು ನಾದಿನಿ ಬಾಂಡಲಿಯಲ್ಲಿ ಮಣ್ಣು ಹೊತ್ತರು. "ಇಷ್ಟು ವರ್ಷ ಅಂಗಿಗೆ ಗುಂಡಿ ಹಾಕಿದ್ದು ಸಾಲದೂಂತ ಈಗ ಅಂಗಳಕ್ಕೂ ಹಾಕ್ತಿದ್ದೀವಿ" ಎಂದು ಕಾಜಾ ಅಕ್ಕ ನಕ್ಕರೆ, "ಕೈ ಕೆಸರಾದ್ರೆ ಬಾಯಿ ಮೊಸರು, ಹೊರು ಹೊರು" ಎಂದು ಮೇಸ್ತ್ರಿ ರಾಗ ಎಳೆಯುತ್ತಿದ್ದ. ಮಂಗಳವಾರ ಮಧ್ಯಾಹ್ನ ತಿರುಗಿ ನೋಡಿದರೆ ರಟ್ಟು ಮಾಮ ಪ್ಯಾಂಟು ಮಂಡಿಯವರೆಗೆ ಮಡಚಿ ಕಲ್ಲು ಎತ್ತಿ ಕೊಡುತ್ತಿದ್ದಾರೆ. ಯಾರೂ ಕರೆದಿರಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಕಲ್ಲು ಮಾಮನ ಕೈಯಿಂದ ನನ್ನ ಕೈಗೆ, ನನ್ನ ಕೈಯಿಂದ ಕೆಳಗೆ ನಿಂತ ದೊಡ್ಡಮ್ಮನ ಕೈಗೆ. ಮಾತು ಮಾತ್ರ ಇನ್ನೂ ನನ್ನ ಮೂಲಕವೇ. "ಆ ಚಪ್ಪಟೆ ಕಲ್ಲು ಕೊಡೋಕೆ ಹೇಳು." "ಅದು ಮೇಲಿನ ಸಾಲಿಗೆ ಅಂತ ಹೇಳು." ನನಗೆ ಕಲ್ಲು ಹೊತ್ತದ್ದಕ್ಕಿಂತ ಈ ಮಾತು ಹೊತ್ತು ಸುಸ್ತಾಯಿತು.

ಬುಧವಾರ ಸಂಜೆ ಕೊನೆಯ ಕಲ್ಲು ಕೂತಿತು. ಎರಡು ಅರ್ಧಗಳ ನಡುವಿನ ಗೋಡೆ ಬಿಚ್ಚಿ ಒಂದು ಮಾಡಿದೆವು. ಪೈಪಿನ ಬಾಯಿ ಈಗ ಸರಿಯಾಗಿ ನಡುವೆ ಬಂತು. ಮೇಲೆ ಮುಚ್ಚುವ ಚಪ್ಪಡಿಗಳಲ್ಲಿ ಒಂದು ಬಂದಿರಲಿಲ್ಲ, ಆ ಜಾಗ ತೆರೆದೇ ಉಳಿಯಿತು.

ಗುರುವಾರ ಹತ್ತೂವರೆಗೆ ಗಾಳಿ ಎದ್ದಿತು. ಹತ್ತು ಮುಕ್ಕಾಲಿಗೆ ಮೊದಲ ಹನಿ ತಾರಸಿಯ ಮೇಲೆ ಟಪ್ಪೆಂದಿತು. ಹನ್ನೊಂದಕ್ಕೆ ಮೇಡಂ ಗೇಟು ತೆಗೆದು ಒಳಗೆ ಬರುವಾಗ ಅವರ ಕೊಡೆ ತಿರುಗುಮುರುಗಾಗಿತ್ತು. ಮಳೆ ಎಂದರೆ ಅಂಥಿಂಥ ಮಳೆಯಲ್ಲ. ಎದುರುಮನೆ ಕಾಣಿಸುತ್ತಿರಲಿಲ್ಲ.

"ಟ್ಯಾಂಕರ್ ಬೇಡ ಬಿಡಿ" ಎಂದರು ಮೇಡಂ, ಹೆಲ್ಮೆಟ್ಟಿನಿಂದ ನೀರು ಸುರಿಸುತ್ತಾ. "ನೀರು ಎಷ್ಟು ಏರುತ್ತೆ ನೋಡ್ಬೇಕು. ಅಳತೆ ಕೋಲು ಇದೆಯಾ?"

ದೊಡ್ಡಮ್ಮ ಕೊರಳಿಗೆ ಕೈ ಹಾಕಿ ಟೇಪು ತೆಗೆದಳು! ಅದರ ತುದಿಗೆ ಕತ್ತರಿ ಕಟ್ಟಿ, ತೆರೆದ ಜಾಗದಿಂದ ಗುಂಡಿಗೆ ಇಳಿಬಿಟ್ಟು, ಮೇಲಿನ ತುದಿಯನ್ನು ಪೈಪಿಗೆ ಬಿಗಿದಳು. ಒಂದು ಎಂಬ ಅಂಕಿ ಮೇಲೆ, ಅರವತ್ತು ತಳದಲ್ಲಿ. ನೀರು ಏರಿದ ಹಾಗೆ ಅಂಕಿ ಇಳಿಯಬೇಕು. ಒಂದಕ್ಕೆ ಬಂದರೆ ಗುಂಡಿ ತುಂಬಿತು, ಹೊಲಿಗೆ ಕೋಣೆ ಮುಚ್ಚಿತು. ಟೇಪಿಲ್ಲದ ಅವಳ ಕೊರಳು ಎಷ್ಟು ಬರಿದಾಗಿ ಕಂಡಿತೆಂದರೆ, ನನಗೆ ಅದನ್ನು ನೋಡಲಾಗಲಿಲ್ಲ.

ಬೀದಿಯ ಕೆಳಗೆ ಮಾಮ ತಮ್ಮ ಅಂಗಡಿಯ ಹೊಸಿಲಿನ ಮೇಲೆ, ಮುಂಚಾಚಿದ ತಗಡಿನಡಿ, ಒಂದು ದೊಡ್ಡ ಬಿಳಿ ಹಾಳೆ ಹಾಸಿ ಅದರ ಪಕ್ಕ ಕೂತಿದ್ದರಂತೆ. ಒಂದು ಹನಿ ತಾಗಿದರೂ ಅದು ಹೇಳಿಬಿಡುತ್ತದೆ.

"ಐವತ್ತು!" ಎಂದು ನಾನು ಓದಿದೆ. ಪೈಪಿನಿಂದ ನೀರು ಭೋರೆಂದು ಬೀಳುತ್ತಿತ್ತು. ಕಾಲುವೆ ತುಂಬಿ ಅಂಗಳದ ನೀರೂ ಧುಮುಕಿತು. "ನಲವತ್ತೆರಡು! ಮೂವತ್ತೆಂಟು!"

ಮೂವತ್ತು ದಾಟಿದಾಗ ಮೇಡಂ, "ಅರ್ಧ ಗುಂಡಿ ಆಗಿದ್ರೆ ಇಷ್ಟೊತ್ತಿಗೆ ತುಂಬಿರ್ತಿತ್ತು" ಎಂದರು. ಅವರಿಗೆ ಯಾರು ಹೇಳಿದ್ದರೋ! ಮೇಸ್ತ್ರಿ ಆಕಾಶ ನೋಡತೊಡಗಿದ.

"ಇಪ್ಪತ್ತೆರಡು!" ಕಾಜಾ ಅಕ್ಕ ನನ್ನ ತೋಳು ಹಿಡಿದಳು. "ಹದಿನೇಳು!" ಅವಳ ಉಗುರು ಚುಚ್ಚುತ್ತಿತ್ತು. "ಹದಿನಾಲ್ಕು!" ದೊಡ್ಡಮ್ಮ ಮಳೆಯಲ್ಲಿ ಪೂರ್ತಿ ನೆನೆದು, ಕೂದಲು ಮುಖಕ್ಕೆ ಅಂಟಿ, ಕಣ್ಣು ಮಿಟುಕಿಸದೆ ನಿಂತಿದ್ದಳು. ಮೂವತ್ತನಾಲ್ಕು ವರ್ಷದ ತುಳಿತ, ನಾಲ್ಕು ಮಿಷನ್ನು, ನಾವೆಲ್ಲರೂ ಆ ಹದಿನಾಲ್ಕು ಇಂಚಿನಲ್ಲಿ ಇದ್ದೆವು.

ಹದಿನಾಲ್ಕು. ಇನ್ನೂ ಹದಿನಾಲ್ಕು. ನಾನು ಬಗ್ಗಿ ನೋಡಿದೆ. ಕಣ್ಣೊರೆಸಿಕೊಂಡು ಮತ್ತೆ ನೋಡಿದೆ.

"ಹದಿನಾಲ್ಕೂವರೆ!" ಎಂದು ಕಿರುಚಿದೆ. "ದೊಡ್ಡಮ್ಮಾ, ಇಳೀತಿದೆ! ಇಂಗ್ತಿದೆ!"

ಮಳೆಯ ರಭಸ ಇಳಿಯುತ್ತಿತ್ತು, ಗುಂಡಿ ಕುಡಿಯುತ್ತಿತ್ತು. "ಹದಿನೈದು!" ಎಂದು ಎಲ್ಲರೂ ಒಟ್ಟಿಗೆ ಕೂಗಿದೆವು. ಮೇಸ್ತ್ರಿ ಕುಣಿದೇಬಿಟ್ಟ. ಮೇಡಂ ಗೇಟಿನ ಹತ್ತಿರ ಕೂತು ಕೈಯಿಂದ ನೆಲ ಸವರಿ ನೋಡಿ, "ಇಲ್ಲಿಂದ ಏನೂ ದಾಟಿಲ್ಲ. ಕೆಳಗಿನ ಅಂಗಡಿ ನೋಡಿ ಬರ್ತೀನಿ" ಎಂದು ಎದ್ದರು.

ದೊಡ್ಡಮ್ಮನಿಗೆ ಅಷ್ಟು ಹೊತ್ತು ಕಾಯಲು ಆಗಲಿಲ್ಲ. ಬೀದಿಗೆ ಓಡಿದಳು. ನಾನು ಹಿಂದೆಯೇ ಓಡಿದೆ, ಇನ್ನೇನು "ಕೇಳು ಅವರನ್ನ" ಎನ್ನುತ್ತಾಳೆಂದು ಬಾಯಿ ತೆರೆದುಕೊಂಡು. ಅವಳು ನನ್ನ ಕಡೆ ನೋಡಲೇ ಇಲ್ಲ. ಬೀದಿಯ ನಡುವೆ ನಿಂತು, ಎರಡು ಕೈ ಬಾಯಿಗೆ ಹಿಡಿದು, ಮಳೆಯ ಸದ್ದನ್ನೂ ಮೀರಿ ಕೂಗಿದಳು.

"ಅಣ್ಣಾ! ಒಣಗೇ ಇದೆಯಾ?"

ಮೂರು ವರ್ಷ. ಮಾಮ ಎದ್ದು ನಿಂತರು. ಬಗ್ಗಿ ಹೊಸಿಲಿನ ಹಾಳೆಯನ್ನು ಎರಡು ಮೂಲೆ ಹಿಡಿದು ಎತ್ತಿ, ತಲೆಯ ಮೇಲೆ ಹಿಡಿದು ತೋರಿಸಿದರು. ಬೆಳ್ಳಗಿತ್ತು. ಗಾಳಿಗೆ ಪಟಪಟನೆ ಸದ್ದು ಮಾಡಿತು. ನೆನೆದ ಕಾಗದ ಹಾಗೆ ಸದ್ದು ಮಾಡುವುದಿಲ್ಲ.

"ಒಣಗೇ ಇದೆ ತಂಗಿ!" ಎಂದು ಅವರೂ ಕೂಗಿದರು. "ಪೂರ್ತಿ ಒಣಗೇ ಇದೆ!"

ನನಗೆ ಅಳು ಬಂತು, ಮುಚ್ಚಿಡುವುದೇನಿದೆ. ಮಳೆಯಲ್ಲಿ ಯಾರಿಗೂ ಕಾಣಿಸಲಿಲ್ಲ.

ಮೇಡಂ ನಮ್ಮ ಕಟಿಂಗ್ ಮೇಜಿನ ಮೇಲೆಯೇ ಸಹಿ ಹಾಕಿದರು. ಫೈಲಿಗೆ ಗುಂಡಿಯ ನಕ್ಷೆ ಬೇಕೆಂದಾಗ ದೊಡ್ಡಮ್ಮ ಕಂದು ಕಾಗದ ತಂದಳು. ಮಾಮ ಆ ಹೊತ್ತಿಗೆ ಇನ್ನರ್ಧವನ್ನೂ ಕತ್ತರಿಸಿ, ತಮ್ಮ ಅಂಟಿನಿಂದ ಚುಕ್ಕಿ ಗೆರೆಗೆ ಸೇರಿಸಿ ಇಡೀ ಹತ್ತಡಿ ಮಾಡಿಕೊಟ್ಟಿದ್ದರು. "ನಮ್ಮ ಆಫೀಸಿನ ಮೇಜೇ ಇಷ್ಟು ದೊಡ್ಡದಿಲ್ಲ" ಎಂದು ಮೇಡಂ ನಕ್ಕು, ಎಂಟಾಗಿ ಮಡಿಸಿ ಫೈಲಿಗೆ ತುರುಕಿದರು. ಹೇಗೆ ಮಡಿಸಬೇಕೆಂದು ಅಣ್ಣ-ತಂಗಿ ಇಬ್ಬರೂ ಎರಡು ಬೇರೆ ಬೇರೆ ರೀತಿ ಹೇಳಿಕೊಟ್ಟರು.

ಮೇಡಂ ಹೋದ ಮೇಲೆ ಮಾಮ ಮೇಜಿನ ಮೇಲಿದ್ದ ಅಳತೆ ಪುಸ್ತಕವನ್ನು ನೋಡಿದರು. ಎಲಾಸ್ಟಿಕ್ ಬಿಚ್ಚಿ ಮೇಜಿನ ಮೇಲಿಟ್ಟು, ಕೇಳದೆಯೇ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ದೊಡ್ಡಮ್ಮ ಅವರ ಕಾಲರು ನೋಡುತ್ತಿದ್ದಳು. ರೂಢಿಯಂತೆ ಕೊರಳಿಗೆ ಕೈ ಹೋಯಿತು. ಟೇಪು ಇನ್ನೂ ಗುಂಡಿಯಲ್ಲಿತ್ತು.

"ನಲವತ್ತು, ಭುಜ ಹದಿನೆಂಟು" ಎಂದಳು. "ಬರ್ಕೊ. ಅಣ್ಣ ಸೊರಗಿದ್ದಾರೆ, ಹಳೆ ಅಳತೆಗಿಂತ ಎರಡು ಇಂಚು ಕಮ್ಮಿ."

ಬರೆದುಕೊಳ್ಳಲು ಪುಸ್ತಕ ಮಾಮನ ಕಂಕುಳಲ್ಲಿತ್ತು. ನಾನು ಕೈಗೆ ಸಿಕ್ಕ ನೋಟೀಸಿನ ಹಿಂದೆ, ಹತ್ತಡಿ ಉದ್ದ ನಾಲ್ಕಡಿ ಅಗಲದ ಕೆಳಗೆ ಬರೆದುಕೊಂಡೆ.